ಎಲ್ಲ ತಲೆನೋವೂ ಒಂದೇ ಅಲ್ಲ: ತಲೆಯೊಳಗಿನ ಒತ್ತಡ ಮತ್ತು ಕಣ್ಣಿನ ಅಮಾನತ್

ಆರೋಗ್ಯ ಅಲ್ಲಾಹನು ನಮಗೆ ಕೊಟ್ಟ ಅಮಾನತ್ ಎಂಬ ಮಾತನ್ನು ನಾವೆಲ್ಲ ಮಿಂಬರ್‌ನಿಂದ ಎಷ್ಟೋ ಜುಮಾಗಳಲ್ಲಿ ಕೇಳಿದ್ದೇವೆ. ಕಣ್ಣು, ಕಿವಿ, ಕೈಕಾಲು ಯಾವುದೂ ನಮ್ಮ ಸಂಪಾದನೆಯಲ್ಲ. ಕೊಟ್ಟವನು ಒಂದು ದಿನ ಲೆಕ್ಕ ಕೇಳುತ್ತಾನೆ. ಖುತ್ಬಾ ಕೇಳಿ ಮನೆಗೆ ಬಂದ ಮೇಲೆ ಈ ಮಾತನ್ನು ನಮ್ಮ ಮನೆಯ ಹೆಣ್ಣುಮಕ್ಕಳ ತಲೆನೋವಿಗೆ ನಾವು ಅನ್ವಯಿಸಿ ನೋಡುತ್ತೇವೆಯೇ? ತಿಂಗಳುಗಟ್ಟಲೆ ತಲೆನೋವು ಎನ್ನುವ ಸೊಸೆಗೆ, ಮಗಳಿಗೆ ನಾವು ಸಾಮಾನ್ಯವಾಗಿ ಹೇಳುವುದು ಏನು? ಬಿಸಿಲಿಗೆ ಹೋಗಿರಬೇಕು, ಮೊಬೈಲ್ ಜಾಸ್ತಿ ನೋಡಿರಬೇಕು, ನಜರ್ ಆಗಿರಬೇಕು. ಒಂದು ಮಾತ್ರೆ ನುಂಗಿ ಮಲಗು.

ಹೆಚ್ಚಿನ ತಲೆನೋವುಗಳು ಅಪಾಯದವಲ್ಲ, ನಿಜ. ಆದರೆ ಒಂದು ಬಗೆಯ ತಲೆನೋವು ಇದೆ. ಅದನ್ನು ಹೀಗೆ ತಳ್ಳಿಹಾಕುತ್ತಾ ಹೋದರೆ ಕೆಲವರ ದೃಷ್ಟಿಯೇ ಹೋಗುತ್ತದೆ. ಹೋದ ದೃಷ್ಟಿ ಎಲ್ಲರಿಗೂ ಮರಳಿ ಬರುವುದಿಲ್ಲ. ಬೇಗ ಗುರುತಿಸಿದರೆ ಬಹುತೇಕ ಎಲ್ಲರ ಕಣ್ಣನ್ನೂ ಉಳಿಸಿಕೊಳ್ಳಬಹುದು. ಅದಕ್ಕಾಗಿಯೇ ಈ ಕಾಯಿಲೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಮನೆಯಲ್ಲಿ ಎಲ್ಲರೂ ಓದಬೇಕು, ಓದಲು ಬಾರದ ಹಿರಿಯರಿಗೆ ಓದಿ ಹೇಳಬೇಕು ಎಂಬುದು ನಮ್ಮ ವಿನಂತಿ.

ಹೆಸರು ಉದ್ದ, ವಿಷಯ ಸರಳ

ಈ ಕಾಯಿಲೆಗೆ ವೈದ್ಯರು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್ ಎನ್ನುತ್ತಾರೆ. ಚಿಕ್ಕದಾಗಿ ಐಐಎಚ್. ಇಂಟ್ರಾಕ್ರೇನಿಯಲ್ ಎಂದರೆ ತಲೆಬುರುಡೆಯ ಒಳಗೆ. ಹೈಪರ್‌ಟೆನ್ಷನ್ ಎಂದರೆ ಹೆಚ್ಚಿದ ಒತ್ತಡ. ಇಡಿಯೋಪಥಿಕ್ ಎಂದರೆ ಇಂಥದೇ ಕಾರಣ ಎಂದು ಖಚಿತವಾಗಿ ತೋರಿಸಲಾಗದ್ದು. ಒಟ್ಟಿನಲ್ಲಿ, ಗೆಡ್ಡೆಯಿಲ್ಲ, ಸೋಂಕಿಲ್ಲ, ರಕ್ತನಾಳ ಕಟ್ಟಿಲ್ಲ, ಆದರೂ ತಲೆಬುರುಡೆಯ ಒಳಗೆ ಒತ್ತಡ ಏರಿದೆ ಎಂದರ್ಥ.

ಇಲ್ಲಿ ಒಂದು ಗೊಂದಲ ಬೇಡ. ಇದು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಅಲ್ಲ. ಬಿಪಿ ಸರಿಯಾಗಿದ್ದವರಿಗೂ ಇದು ಬರುತ್ತದೆ. ಬಿಪಿ ಮಾತ್ರೆಯಿಂದ ಇದು ಹೋಗುವುದಿಲ್ಲ.

ನಮ್ಮ ಮೆದುಳು ತಲೆಬುರುಡೆಯೊಳಗೆ ಒಣಗಿ ಕುಳಿತಿಲ್ಲ. ತಿಳಿನೀರಿನಂಥ ಒಂದು ದ್ರವದಲ್ಲಿ ತೇಲುತ್ತಿದೆ. ಅದೇ ದ್ರವ ಬೆನ್ನುಹುರಿಯ ಸುತ್ತಲೂ ಇದೆ. ಒಬ್ಬ ವಯಸ್ಕರಲ್ಲಿ ಯಾವುದೇ ಹೊತ್ತಿನಲ್ಲಿ ಸುಮಾರು 150 ಮಿಲಿಲೀಟರ್ ದ್ರವ ಇರುತ್ತದೆ, ಅಂದರೆ ಒಂದು ಸಣ್ಣ ಲೋಟದಷ್ಟು. ಆದರೆ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ. ಹಳೆಯದು ಮೆದುಳಿನ ದೊಡ್ಡ ರಕ್ತನಾಳಗಳ ಮೂಲಕ ರಕ್ತಕ್ಕೆ ಸೇರಿಹೋಗುತ್ತದೆ. ತಯಾರಾದಷ್ಟು ಹೊರಹೋಗುತ್ತಿದ್ದರೆ ಸಮತೋಲ.

ಗದ್ದೆಗೆ ಮೇಲಿನ ತೂಬಿನಿಂದ ನೀರು ಬರುತ್ತಲೇ ಇದೆ, ಕೆಳಗಿನ ಕಂಡಿ ಅರ್ಧ ಕಟ್ಟಿಕೊಂಡಿದೆ ಎಂದುಕೊಳ್ಳಿ. ನೀರು ನಿಲ್ಲುತ್ತದೆ, ಬದುವಿನ ಮೇಲೆ ಭಾರ ಬೀಳುತ್ತದೆ. ಗದ್ದೆಯ ಬದು ಒಡೆದಾದರೂ ನೀರು ಹೋದೀತು. ತಲೆಬುರುಡೆ ಗಟ್ಟಿ ಎಲುಬು, ಹಿಗ್ಗುವುದಿಲ್ಲ. ಆ ಒತ್ತಡವೆಲ್ಲ ಒಳಗಿರುವ ಮೃದುವಾದ ಭಾಗಗಳ ಮೇಲೆ ಬೀಳುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರ. ಮೆದುಳಿನ ಸುತ್ತಲಿನ ದ್ರವ ಈ ನರದ ಹೊದಿಕೆಯೊಳಗೂ ಇಳಿದು ಬರುವುದರಿಂದ, ತಲೆಯೊಳಗೆ ಒತ್ತಡ ಏರಿದಾಗ ಕಣ್ಣಿನ ಹಿಂಭಾಗದಲ್ಲಿ ನರದ ತುದಿ ಬಾತುಕೊಳ್ಳುತ್ತದೆ. ಇದನ್ನು ಪ್ಯಾಪಿಲೆಡೀಮಾ ಎನ್ನುತ್ತಾರೆ. ಬಾವು ಬಹುಕಾಲ ಹಾಗೇ ಉಳಿದರೆ ನರ ಸಾಯತೊಡಗುತ್ತದೆ.

“ನಿರಪಾಯ” ಎಂಬ ಪದ ಏಕೆ ಹೋಯಿತು?

ಜರ್ಮನಿಯ ವೈದ್ಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ಬೆನ್ನಿನ ಕೆಳಭಾಗದಿಂದ ಸೂಜಿಯ ಮೂಲಕ ಈ ದ್ರವವನ್ನು ತೆಗೆಯುವ ವಿಧಾನವನ್ನು ವರದಿ ಮಾಡಿದರು. ಗೆಡ್ಡೆಯಿಲ್ಲದೆ ಒತ್ತಡ ಏರುವ ರೋಗಿಗಳನ್ನು ವಿವರಿಸಿದವರಲ್ಲಿ ಅವರೂ ಮೊದಲಿಗರು. 1904ರಲ್ಲಿ ಮ್ಯಾಕ್ಸ್ ನೋನೆ ಇದನ್ನು ಸ್ಯೂಡೋಟ್ಯೂಮರ್, ಅಂದರೆ ಹುಸಿಗೆಡ್ಡೆ ಎಂದು ಕರೆದರು. ಲಕ್ಷಣವೆಲ್ಲ ಗೆಡ್ಡೆಯದ್ದೇ, ಹುಡುಕಿದರೆ ಗೆಡ್ಡೆ ಇಲ್ಲ. 1937ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ಇಂಥ 22 ರೋಗಿಗಳ ವಿವರ ಪ್ರಕಟಿಸಿದರು. 1950ರ ದಶಕದಲ್ಲಿ ಇದಕ್ಕೆ “ಬಿನೈನ್”, ಅಂದರೆ ನಿರಪಾಯ ಎಂಬ ವಿಶೇಷಣ ಸೇರಿತು. ಕ್ಯಾನ್ಸರ್ ಅಲ್ಲ, ಜೀವಕ್ಕೆ ಅಪಾಯವಿಲ್ಲ ಎಂಬುದು ಆ ಪದದ ಉದ್ದೇಶ. ಆದರೆ ಇಂಥ ರೋಗಿಗಳಲ್ಲಿ ಕೆಲವರು ಕುರುಡರಾಗುತ್ತಿರುವುದು ಕಂಡಮೇಲೆ ನಿರಪಾಯ ಎಂಬ ಪದವನ್ನು ವೈದ್ಯರೇ ಕೈಬಿಟ್ಟರು. “ಏನೂ ಆಗಲ್ಲ ಬಿಡು” ಎಂದು ನಮ್ಮ ಮನೆಗಳಲ್ಲಿ ಹೇಳುವಾಗ ನಾವು ಕೈಬಿಡಬೇಕಾದದ್ದೂ ಅದೇ ಪದ.

ಯಾರಿಗೆ ಬರುತ್ತದೆ?

ಇದು ಅಪರೂಪದ ಕಾಯಿಲೆ. ಒಟ್ಟು ಜನಸಂಖ್ಯೆಯಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ ಎಂದು ಪಾಶ್ಚಾತ್ಯ ದೇಶಗಳ ಲೆಕ್ಕ. ಆದರೆ ಹೆರುವ ವಯಸ್ಸಿನ, ಹೆಚ್ಚು ತೂಕವಿರುವ ಹೆಣ್ಣುಮಕ್ಕಳಲ್ಲಿ ಇದು ಅದಕ್ಕಿಂತ ಹತ್ತು ಪಟ್ಟಿಗೂ ಮೀರಿ ಕಾಣಿಸುತ್ತದೆ. ಸುಮಾರು 15ರಿಂದ 45 ವಯಸ್ಸಿನವರು ಎಂದಿಟ್ಟುಕೊಳ್ಳಿ. ತೂಕ ಎಷ್ಟಿದೆ ಎಂಬುದರ ಜೊತೆಗೆ, ಕಳೆದ ಒಂದು ವರ್ಷದಲ್ಲಿ ತೂಕ ಬೇಗ ಬೇಗ ಏರಿದೆಯೇ ಎಂಬುದೂ ಮುಖ್ಯ. ಮದುವೆಯಾದ ಮೊದಲ ವರ್ಷಗಳಲ್ಲಿ, ಹೆರಿಗೆಯ ನಂತರ ನಮ್ಮಲ್ಲಿ ಹೀಗೆ ತೂಕ ಏರುವುದು ಸಾಮಾನ್ಯ.

ಗಂಡಸರಿಗೂ ಮಕ್ಕಳಿಗೂ ಬರುವುದಿಲ್ಲವೆಂದಲ್ಲ. ಗಂಡಸರಲ್ಲಿ ಕಡಿಮೆ, ಬಂದರೆ ದೃಷ್ಟಿಗೆ ಅಪಾಯ ಹೆಚ್ಚು. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವವರು ಇದನ್ನು ವೈದ್ಯರಿಗೆ ಹೇಳಲೇಬೇಕು. ಚಿಕ್ಕ ಮಕ್ಕಳಲ್ಲಿ ತೂಕಕ್ಕೂ ಈ ಕಾಯಿಲೆಗೂ ಅಷ್ಟು ಸಂಬಂಧ ಕಾಣುವುದಿಲ್ಲ.

ಕೆಲವು ಔಷಧಿಗಳಿಂದಲೂ ಇದೇ ರೀತಿ ಒತ್ತಡ ಏರಬಹುದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್ ಇವುಗಳಲ್ಲಿ ಸೇರಿವೆ. ಹೆಚ್ಚು ಪ್ರಮಾಣದ ವಿಟಮಿನ್ ಎ ಕೂಡ. ಬಹುಕಾಲ ತೆಗೆದುಕೊಂಡ ಸ್ಟೆರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೂ ಹೀಗಾಗಬಹುದು. ನಿಕಾಹ್ ಗೊತ್ತಾದ ಕೂಡಲೇ ಮುಖದ ಮೊಡವೆ ಹೋಗಲಿ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವುದು, ಯಾರೋ ಕೊಟ್ಟ ಹೆಸರಿಲ್ಲದ ಪೊಟ್ಟಣದ ಪುಡಿ ತಿನ್ನುವುದು ಬೇಡ. ವೈದ್ಯರು ಬರೆದುಕೊಟ್ಟಿದ್ದರೆ ಹೆದರಿ ನಿಲ್ಲಿಸಬೇಕಿಲ್ಲ. ತಲೆನೋವು, ಕಣ್ಣು ಮಂಜು ಶುರುವಾದರೆ ಕೂಡಲೇ ಅವರಿಗೆ ತಿಳಿಸಬೇಕು. ತೀವ್ರ ರಕ್ತಹೀನತೆಯೂ ಕೆಲವರಲ್ಲಿ ಇದಕ್ಕೆ ಕಾರಣವಾಗುತ್ತದೆ.

ಲಕ್ಷಣಗಳು: ನಮಾಝಿನಲ್ಲೇ ಗೊತ್ತಾಗಬಹುದು

ತಲೆನೋವು ಹೆಚ್ಚಿನವರಲ್ಲಿ ಇರುತ್ತದೆ. ಕೆಲವರಿಗೆ ಇಡೀ ತಲೆ, ಕೆಲವರಿಗೆ ಕಣ್ಣಿನ ಹಿಂದೆ. ಎದ್ದಾಗ ಅಥವಾ ಬಗ್ಗಿದಾಗ, ಕೆಮ್ಮಿದಾಗ ಹೆಚ್ಚಾಗಬಹುದು. ಮೈಗ್ರೇನಿನಂತೆಯೇ ಇರಬಹುದು. ಹಾಗಾಗಿ ನೋವೊಂದನ್ನೇ ನೋಡಿ ಹೇಳಲಾಗದು. ಜೊತೆಯಲ್ಲಿ ಬರುವ ಈ ಲಕ್ಷಣಗಳನ್ನು ಗಮನಿಸಬೇಕು.

ಒಂದು, ಕೆಲವೇ ಸೆಕೆಂಡ್ ಕಣ್ಣಿಗೆ ಕತ್ತಲೆ ಕವಿದು ಮತ್ತೆ ಸರಿಹೋಗುವುದು. ಬಗ್ಗಿ ಎದ್ದಾಗ ಇದು ಹೆಚ್ಚು. ಸಜ್ದಾದಿಂದ ತಲೆ ಎತ್ತಿದಾಗ ಮುಂದಿನ ಜಾನಮಾಝ್ ಒಂದು ಕ್ಷಣ ಕಾಣಿಸದೆ ಹೋಗುವುದು, ರುಕೂಅ್‌ನಲ್ಲಿ ತಲೆ ಸಿಡಿಯುವಂತಾಗುವುದು, ಇವು ಹೇಳಿಕೊಳ್ಳಬೇಕಾದ ಲಕ್ಷಣಗಳು. ನಿಶ್ಶಕ್ತಿ ಎಂದು ಬಿಡಬಾರದು.

ಎರಡು, ಕಿವಿಯೊಳಗೆ ನಾಡಿ ಬಡಿತದ ಲಯದಲ್ಲೇ ಸದ್ದು. ನೀರು ಹರಿದಂತೆ, ಗಾಳಿ ಬೀಸಿದಂತೆ. ರಾತ್ರಿ ನಿಶ್ಶಬ್ದದಲ್ಲಿ ಹೆಚ್ಚು ಕೇಳಿಸುತ್ತದೆ. ಇದಕ್ಕೆ ಹಲವರು ಕಿವಿಯ ಡಾಕ್ಟರ ಬಳಿ ಹೋಗಿ ಕಿವಿ ಸರಿಯಾಗಿದೆ ಎಂದು ಕೇಳಿ ವಾಪಸಾಗುತ್ತಾರೆ.

ಮೂರು, ದೂರದ ವಸ್ತು ಅಕ್ಕಪಕ್ಕದಲ್ಲಿ ಎರಡಾಗಿ ಕಾಣುವುದು.

ನಾಲ್ಕು, ದೃಷ್ಟಿ ಮಂಜಾಗುವುದು, ಪಕ್ಕದಿಂದ ಬರುವವರು ಕಾಣಿಸದೆ ಹಾಯುವುದು. ಇಲ್ಲಿ ಎಚ್ಚರ ಬೇಕು. ಈ ಕಾಯಿಲೆಯಲ್ಲಿ ಹೆಚ್ಚಾಗಿ ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನ ನೋಟ ಕೊನೆಯವರೆಗೂ ಉಳಿದಿರಬಹುದು. ಆದ್ದರಿಂದ ಅಕ್ಷರ ಓದಲು ಬರುತ್ತಿದೆ, ಸೂಜಿಗೆ ದಾರ ಪೋಣಿಸಲು ಬರುತ್ತಿದೆ ಎಂದಮಾತ್ರಕ್ಕೆ ಕಣ್ಣು ಸರಿಯಾಗಿದೆ ಎಂದರ್ಥವಲ್ಲ.

ಕುತ್ತಿಗೆ, ಬೆನ್ನು ನೋವು, ವಾಕರಿಕೆಯೂ ಇರಬಹುದು. ಕೆಲವರಲ್ಲಿ ತಲೆನೋವೇ ಇಲ್ಲದೆ, ಕಣ್ಣಿನ ಪರೀಕ್ಷೆಗೆ ಹೋದಾಗ ನರದ ಬಾವು ಕಂಡು ಕಾಯಿಲೆ ಗೊತ್ತಾಗುವುದೂ ಉಂಟು.

ಪತ್ತೆ ಹೇಗೆ?

ಮೊದಲ ಹೆಜ್ಜೆ ದುಬಾರಿಯದ್ದಲ್ಲ. ಕಣ್ಣಿನ ಹಿಂಭಾಗವನ್ನು ನೋಡಿಸುವುದು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಇದು ತಿಳಿಯುವುದಿಲ್ಲ. ಕಣ್ಣಿನ ವೈದ್ಯರು ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ, ಬೆಳಕು ಬಿಟ್ಟು ದೃಷ್ಟಿನರದ ತುದಿಯನ್ನು ನೋಡುತ್ತಾರೆ. ಕೆಲವು ಗಂಟೆ ಕಣ್ಣು ಮಂಜಿರುತ್ತದೆ, ಹಾಗಾಗಿ ಬೈಕ್ ಓಡಿಸಿಕೊಂಡು ಹೋಗದೆ ಜೊತೆಗೊಬ್ಬರು ಇರಲಿ. ಮಲವಗೊಪ್ಪದಂಥ ಊರಿನವರಿಗೆ ಇದು ದೂರದ ಮಾತಲ್ಲ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಇರುವ ನಮಗೆ ಬಿ.ಎಚ್. ರಸ್ತೆಯಲ್ಲಿ ಬಸ್ ಹತ್ತಿದರೆ ಒಂದು ಕಡೆ ಮೆಗ್ಗಾನ್ ಬೋಧನಾ ಆಸ್ಪತ್ರೆ, ಇನ್ನೊಂದು ಕಡೆ ಭದ್ರಾವತಿಯ ತಾಲ್ಲೂಕು ಆಸ್ಪತ್ರೆ. ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯೂ ಇದೆ. “ತಲೆನೋವು ಇದೆ, ಕಣ್ಣಿಗೆ ಕತ್ತಲೆ ಬರುತ್ತದೆ, ಕಣ್ಣಿನ ನರ ಬಾತಿದೆಯೇ ನೋಡಿ” ಎಂದು ಬಾಯಿಬಿಟ್ಟು ಕೇಳಬೇಕು. ಬರೀ ಕಣ್ಣು ಮಂಜು ಎಂದರೆ ನಂಬರಿನ ಪರೀಕ್ಷೆಯಲ್ಲೇ ಮುಗಿದುಹೋದೀತು.

ನರದ ಬಾವು ಕಂಡರೆ ಅದು ತುರ್ತು. ಮುಂದಿನ ವಾರ, ಮದುವೆ ಮುಗಿದ ಮೇಲೆ, ಈದ್ ಆದಮೇಲೆ ಎಂದು ಮುಂದೂಡುವ ಹಾಗಿಲ್ಲ. ಮೊದಲು ಬಿಪಿ ನೋಡುತ್ತಾರೆ, ಏಕೆಂದರೆ ಬಿಪಿ ವಿಪರೀತ ಏರಿದರೂ ನರ ಬಾತುಕೊಳ್ಳುತ್ತದೆ. ನಂತರ ತಲೆಯ ಎಂಆರ್‌ಐ. ಗೆಡ್ಡೆ ಇಲ್ಲ, ನೀರು ತುಂಬಿ ಕೋಶಗಳು ಹಿಗ್ಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಅದು ಬೇಕು. ಜೊತೆಗೆ ಮೆದುಳಿನ ರಕ್ತವನ್ನು ಹೊರಗೆ ಸಾಗಿಸುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಲು ವೆನೋಗ್ರಾಂ ಎಂಬ ಪರೀಕ್ಷೆಯೂ ಬೇಕು.

ಈ ಕೊನೆಯ ಪರೀಕ್ಷೆ ನಮ್ಮ ನಾಡಿನಲ್ಲಿ ಬಹಳ ಮುಖ್ಯ. ಏಕೆಂದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಇದೇ ತಲೆನೋವು, ಇದೇ ನರದ ಬಾವು ಬರುತ್ತದೆ. ಆದರೆ ಚಿಕಿತ್ಸೆ ಸಂಪೂರ್ಣ ಬೇರೆ. ಅದು ಜೀವಕ್ಕೇ ಅಪಾಯ. ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿಯರಿಗೆ ಬರುವ ಈ ಹೆಪ್ಪಿನ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳ ಕಾಲ ಅಧ್ಯಯನ ನಡೆಸಿದ್ದಾರೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ನೀರನ್ನೇ ತಡೆಯುವ ರೂಢಿ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಇದೆ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಬಾಣಂತಿಗೆ ಬಾಯಾರಿದಷ್ಟೂ ನೀರು ಕೊಡಿ. ಬಾಣಂತಿಗೆ ತೀವ್ರ ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆಯ ಕೈಕಾಲಿನ ನಿಶ್ಶಕ್ತಿ ಕಂಡರೆ ಗಾಳಿ ಸೋಕಿದೆ ಎಂದು ಕೂರಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.

ಬೆನ್ನಿನ ಸೂಜಿಯ ಭಯ

ಸ್ಕ್ಯಾನ್‌ನಲ್ಲಿ ಬೇರೆ ತೊಂದರೆ ಇಲ್ಲವೆಂದು ಕಂಡ ನಂತರ ಬೆನ್ನಿನ ಕೆಳಭಾಗದಿಂದ ದ್ರವದ ಒತ್ತಡ ಅಳೆಯುತ್ತಾರೆ. ಇದಕ್ಕೆ ಲಂಬಾರ್ ಪಂಕ್ಚರ್ ಎನ್ನುತ್ತಾರೆ. ಇಲ್ಲಿಯೇ ಅನೇಕ ಕುಟುಂಬಗಳು ಸಹಿ ಹಾಕದೆ ರೋಗಿಯನ್ನು ಮನೆಗೆ ಕರೆದುಕೊಂಡು ಬಂದುಬಿಡುತ್ತವೆ. “ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ” ಎಂಬ ಮಾತು ಬಹಳ ಹಳೆಯದು, ಬಹಳ ಗಟ್ಟಿ.

ನಿಜವೇನೆಂದರೆ, ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಸಿಸೇರಿಯನ್ ಆದ ನಮ್ಮ ಮನೆಯ ಎಷ್ಟು ಹೆಣ್ಣುಮಕ್ಕಳಿಗೆ ಬೆನ್ನಿಗೆ ಅರಿವಳಿಕೆ ಸೂಜಿ ಕೊಟ್ಟಿಲ್ಲ? ಇದೂ ಸುಮಾರು ಅದೇ ಜಾಗ. ಅಲ್ಲಿ ಔಷಧಿ ಒಳಗೆ ಬಿಡುತ್ತಾರೆ, ಇಲ್ಲಿ ಒತ್ತಡ ಅಳೆದು ಸ್ವಲ್ಪ ದ್ರವ ತೆಗೆಯುತ್ತಾರೆ, ಅಷ್ಟೇ ವ್ಯತ್ಯಾಸ. ತೆಗೆದ ದ್ರವವನ್ನು ದೇಹ ಕೆಲವೇ ಗಂಟೆಗಳಲ್ಲಿ ಮತ್ತೆ ತುಂಬಿಸಿಕೊಳ್ಳುತ್ತದೆ. ಕೆಲವರಿಗೆ ನಂತರ ಒಂದೆರಡು ದಿನ, ಕೆಲವೊಮ್ಮೆ ವಾರದವರೆಗೆ, ಎದ್ದು ಕುಳಿತರೆ ತಲೆನೋವು, ಮಲಗಿದರೆ ಕಡಿಮೆ ಎಂಬಂತಾಗುತ್ತದೆ. ಅದು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ.

ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಸೂಜಿಗೆ ಕೊಳವೆ ಜೋಡಿಸಿ, ದ್ರವ ಎಷ್ಟು ಎತ್ತರ ಏರುತ್ತದೆ ಎಂದು ನೋಡುತ್ತಾರೆ. ವಯಸ್ಕರಲ್ಲಿ 25 ಸೆಂಟಿಮೀಟರ್ ಅಥವಾ ಹೆಚ್ಚು ಇದ್ದರೆ ಒತ್ತಡ ಏರಿದೆ ಎಂದು ಲೆಕ್ಕ. ತೆಗೆದ ದ್ರವದಲ್ಲಿ ಟಿಬಿಯಂಥ ಸೋಂಕು ಇಲ್ಲವೆಂದೂ ಪರೀಕ್ಷಿಸುತ್ತಾರೆ. ನರದ ಬಾವು ಇದೆ, ಸ್ಕ್ಯಾನ್‌ನಲ್ಲಿ ಬೇರೆ ಕಾರಣವಿಲ್ಲ, ದ್ರವ ಶುದ್ಧವಾಗಿದೆ, ಒತ್ತಡ ಹೆಚ್ಚಿದೆ. ಈ ನಾಲ್ಕೂ ಸೇರಿದಾಗ ಐಐಎಚ್ ಎಂದು ಹೇಳುತ್ತಾರೆ.

ಕಣ್ಣಿನ ನೋಟದ ವಿಸ್ತಾರವನ್ನು ಅಳೆಯುವ ಪೆರಿಮೆಟ್ರಿ ಪರೀಕ್ಷೆಯನ್ನೂ ಮಾಡುತ್ತಾರೆ. ಚುಕ್ಕೆ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಂಚಿನ ನೋಟ ಎಷ್ಟು ಉಳಿದಿದೆ ಎಂದು ತಿಳಿಯುವುದು ಇದರಿಂದಲೇ. ಮುಂದಿನ ಪ್ರತಿ ಭೇಟಿಯಲ್ಲೂ ಇದನ್ನು ಹೋಲಿಸಿ ನೋಡುತ್ತಾರೆ. ಹಳೆಯ ಕಾಗದಗಳನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ.

ಚಿಕಿತ್ಸೆಯ ಮೂರು ದಾರಿಗಳು

ಮೊದಲನೆಯದು ತೂಕ ಇಳಿಸುವುದು. ತೂಕ ಹೆಚ್ಚಿರುವವರಲ್ಲಿ ಕಾಯಿಲೆಯ ಬುಡಕ್ಕೇ ತಲುಪುವ ಚಿಕಿತ್ಸೆ ಇದು. ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಅನೇಕರಿಗೆ ಒತ್ತಡ ತಗ್ಗುತ್ತದೆ, ಕೆಲವರಿಗೆ ಹದಿನೈದರಷ್ಟು ಬೇಕಾಗಬಹುದು. 80 ಕಿಲೋ ಇರುವವರಿಗೆ ನಾಲ್ಕರಿಂದ ಎಂಟು ಕಿಲೋ ಎಂದರೆ ಆಗದ ಮಾತಲ್ಲ. ಆದರೆ ಇದನ್ನು “ನೀನು ತಿಂದು ತಿಂದು ಕಾಯಿಲೆ ತಂದುಕೊಂಡೆ” ಎಂದು ಚುಚ್ಚುವ ಮಾತಾಗಿ ಮಾಡಬೇಡಿ. ತೂಕ ಹೆಚ್ಚಿರುವ ಎಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ಬಂದವರ ತಪ್ಪೂ ಅಲ್ಲ. ಮಗಳಿಗೊಬ್ಬಳಿಗೆ ಗಂಜಿ, ಉಳಿದವರಿಗೆ ಬಿರಿಯಾನಿ ಎಂದರೆ ಯಾವ ಪಥ್ಯವೂ ಹತ್ತು ದಿನ ನಡೆಯುವುದಿಲ್ಲ. ಮನೆಯ ಅಡುಗೆಯೇ ಬದಲಾಗಬೇಕು. ಎಣ್ಣೆ, ಸಕ್ಕರೆ ಚಹಾ, ಬೇಕರಿ ತಿಂಡಿ, ಶರಬತ್ ಕಡಿಮೆಯಾಗಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಕಡಿಮೆಯಾಗಲಿ. ತರಕಾರಿ, ಬೇಳೆ ಹೆಚ್ಚಲಿ. ದಿನವೂ ಅರ್ಧ ಗಂಟೆ ನಡೆಯಲು ಸೊಸೆಗೆ ಸಮಯ ಸಿಗಬೇಕಾದರೆ ಆ ಹೊತ್ತು ಮಗುವನ್ನು ನೋಡಿಕೊಳ್ಳುವವರು ಯಾರು, ಜೊತೆಗೆ ಹೋಗುವವರು ಯಾರು ಎಂದು ಮನೆಯವರು ಕುಳಿತು ತೀರ್ಮಾನಿಸಬೇಕು.

ತೂಕ ಬಹಳ ಹೆಚ್ಚಿರುವವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯ ದಾರಿಯೂ ಇದೆ. ಬ್ರಿಟನ್ನಿನಲ್ಲಿ 66 ಮಹಿಳೆಯರ ಮೇಲೆ ನಡೆಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಪಥ್ಯದ ಮಾರ್ಗದರ್ಶನ ಪಡೆದವರಿಗಿಂತ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ತಲೆಯೊಳಗಿನ ಒತ್ತಡ ಹೆಚ್ಚು ಇಳಿದಿತ್ತು.

ಎರಡನೆಯದು ಔಷಧಿ. ಅಸೆಟಜೋಲಮೈಡ್ ಎಂಬ ಮಾತ್ರೆ ದ್ರವದ ತಯಾರಿಯನ್ನೇ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 165 ರೋಗಿಗಳ ಮೇಲೆ ಆರು ತಿಂಗಳು ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಪಥ್ಯ ಮಾಡಿದವರಿಗಿಂತ ಪಥ್ಯದ ಜೊತೆ ಈ ಮಾತ್ರೆ ತೆಗೆದುಕೊಂಡವರ ನೋಟ ಹೆಚ್ಚು ಸುಧಾರಿಸಿತು. ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಬೆರಳು, ತುಟಿ ಜುಮ್ಮೆನ್ನುವುದು, ಸೋಡಾ ಕುಡಿದರೆ ಲೋಹದ ರುಚಿ ಬರುವುದು, ಸುಸ್ತು, ಪದೇ ಪದೇ ಮೂತ್ರ ಇವೆಲ್ಲ ಅದರ ಸಾಮಾನ್ಯ ಪರಿಣಾಮಗಳು. ಇದನ್ನು ಮೊದಲೇ ತಿಳಿಯದವರು “ಮಾತ್ರೆ ಮೈಗೆ ಹಿಡಿಯಲಿಲ್ಲ” ಎಂದು ತಾವೇ ನಿಲ್ಲಿಸುತ್ತಾರೆ, ನರ ಮತ್ತೆ ಬಾಯುತ್ತದೆ. ತೊಂದರೆ ಎನಿಸಿದರೆ ವೈದ್ಯರಿಗೆ ಹೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ಮೂತ್ರಪಿಂಡದ ಕಲ್ಲು ಇದ್ದವರು, ಸಲ್ಫಾ ಔಷಧಿ ಆಗದವರು ಮೊದಲೇ ತಿಳಿಸಬೇಕು. ಕೆಲವರಿಗೆ ಟೊಪಿರಮೇಟ್ ಕೊಡುತ್ತಾರೆ. ಅದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಆದ್ದರಿಂದ ಗರ್ಭಿಣಿಯಾಗಿದ್ದರೆ, ಗರ್ಭಧಾರಣೆಯ ಯೋಚನೆ ಇದ್ದರೆ ಸಂಕೋಚವಿಲ್ಲದೆ ಹೇಳಬೇಕು.

ದಿನವೂ ನೋವಿನ ಮಾತ್ರೆ ನುಂಗುವ ಅಭ್ಯಾಸ ಬೇಡ. ತಿಂಗಳಲ್ಲಿ ಅರ್ಧದಷ್ಟು ದಿನ ನೋವಿನ ಮಾತ್ರೆ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರುತ್ತದೆ.

ಮೂರನೆಯದು ಶಸ್ತ್ರಚಿಕಿತ್ಸೆ. ಇದು ಎಲ್ಲರಿಗೂ ಬೇಡ. ಔಷಧಿಗೆ ಬಗ್ಗದೆ ದೃಷ್ಟಿ ಇಳಿಯುತ್ತಿದ್ದರೆ, ಅಥವಾ ಕೆಲವರಲ್ಲಿ ಆಗುವಂತೆ ಕೆಲವೇ ವಾರಗಳಲ್ಲಿ ದೃಷ್ಟಿ ಬೇಗ ಬೇಗ ಹೋಗುತ್ತಿದ್ದರೆ ತಡಮಾಡದೆ ಮಾಡಬೇಕಾಗುತ್ತದೆ. ಹೆಚ್ಚಾದ ದ್ರವವನ್ನು ಹೊಟ್ಟೆಯ ಕಡೆಗೆ ಹರಿಸುವ ಸಣ್ಣ ಕೊಳವೆ ಇಡಬಹುದು, ಇದಕ್ಕೆ ಶಂಟ್ ಎನ್ನುತ್ತಾರೆ. ದೃಷ್ಟಿನರದ ಹೊದಿಕೆಗೆ ಸಣ್ಣ ಕಿಂಡಿ ಮಾಡಿ ಒತ್ತಡ ಇಳಿಸಬಹುದು. ಮೆದುಳಿನ ಅಭಿಧಮನಿ ಕಿರಿದಾಗಿದ್ದರೆ ಅಲ್ಲಿ ಸ್ಟೆಂಟ್ ಹಾಕಬಹುದು. ಯಾರಿಗೆ ಯಾವುದು ಎಂಬುದನ್ನು ನರರೋಗ, ನರಶಸ್ತ್ರ ಮತ್ತು ಕಣ್ಣಿನ ತಜ್ಞರು ಸೇರಿ ತೀರ್ಮಾನಿಸುತ್ತಾರೆ. ಇಂಥ ಹಂತದಲ್ಲಿ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗೆ ಹೋಗಬೇಕಾಗಬಹುದು. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವುದಕ್ಕೆ ನೆರವು ಸಿಗುತ್ತದೆ, ರೆಫರಲ್ ಕಾಗದ ಬೇಕೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಂಡರೆ ಓಡಾಟ ಉಳಿಯುತ್ತದೆ.

ನಮಾಝ್, ರೋಝಾ ಮತ್ತು ಔಷಧಿ

ಬಗ್ಗಿದರೆ ನೋವು ಹೆಚ್ಚುವವರು ಸಜ್ದಾ ಹೇಗೆ ಮಾಡುವುದು ಎಂದು ಕಳವಳಪಡುತ್ತಾರೆ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಸಹಾಬಿ ಇಮ್ರಾನ್ ಬಿನ್ ಹುಸೈನ್ (ರ) ಕೇಳಿದಾಗ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿ (ಸ) ರವರು ಅನುಮತಿ ನೀಡಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಬಗ್ಗಲಾಗದ ರೋಗಿ ಸನ್ನೆಯಿಂದ ರುಕೂಅ್, ಸಜ್ದಾ ಮಾಡಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ತಮ್ಮ ಸ್ಥಿತಿಗೆ ಯಾವುದು ಸರಿ ಎಂದು ಆಲಿಮರನ್ನು ಕೇಳಿ. ನೋವು ಸಹಿಸಿಕೊಂಡು ಯಾರಿಗೂ ಹೇಳದೆ ಇರುವುದು ಬೇಡ.

ರಮಝಾನ್ ಬಂದಾಗ ಎರಡು ತಪ್ಪುಗಳು ಆಗುತ್ತವೆ. ಹೇಳದೆ ಕೇಳದೆ ಮಾತ್ರೆ ನಿಲ್ಲಿಸಿ ರೋಝಾ ಹಿಡಿಯುವುದು ಒಂದು. ಮಾತ್ರೆಯನ್ನೆಲ್ಲ ಇಫ್ತಾರಿನಲ್ಲಿ ಒಟ್ಟಿಗೆ ನುಂಗುವುದು ಇನ್ನೊಂದು. ಅಸೆಟಜೋಲಮೈಡ್ ಮೂತ್ರದ ಮೂಲಕ ನೀರನ್ನು ಹೊರಹಾಕುತ್ತದೆ. ಬೇಸಿಗೆಯ ದೀರ್ಘ ಉಪವಾಸದಲ್ಲಿ ದೇಹ ಒಣಗಬಹುದು, ಕಲ್ಲು ಕಟ್ಟಬಹುದು. ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು, ಸಹರಿ–ಇಫ್ತಾರ್ ಹೊತ್ತಿಗೆ ಮಾತ್ರೆ ಹೊಂದಿಸಲು ಸಾಧ್ಯವೇ ಎಂದು ಕೇಳಿ. ಬೇಡ ಎಂದರೆ ಬೇಡ. ರೋಗಿಗೆ ಉಪವಾಸದಿಂದ ರಿಯಾಯಿತಿ ಸೂರಾ ಅಲ್ ಬಕರಾದಲ್ಲೇ ಇದೆ. ಅಲ್ಲಾಹನೇ ಕೊಟ್ಟ ರಿಯಾಯಿತಿಯನ್ನು ಪಡೆದ ಹೆಣ್ಣುಮಗಳನ್ನು ಮನೆಯಲ್ಲಿ ಯಾರೂ ಓರೆಗಣ್ಣಿನಿಂದ ನೋಡಬಾರದು.

ಇನ್ನು ದುಆ ಮತ್ತು ಚಿಕಿತ್ಸೆಯ ಮಾತು. ಚಿಕಿತ್ಸೆ ಪಡೆಯುವುದು ಪ್ರವಾದಿ (ಸ) ರವರು ಕಲಿಸಿದ ದಾರಿಯೇ. ಒಂಟೆಯನ್ನು ಕಟ್ಟಿ ನಂತರ ತವಕ್ಕುಲ್ ಮಾಡುವ ಪಾಠವನ್ನು ನಾವು ಮಕ್ಕಳಿಗೂ ಹೇಳಿಕೊಡುತ್ತೇವೆ. ದುಆ ಮಾಡೋಣ, ಕುರ್‌ಆನ್ ಓದಿ ಊದೋಣ, ಅದೇ ದಿನ ಕಣ್ಣಿನ ಆಸ್ಪತ್ರೆಗೂ ಹೋಗೋಣ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ.

ಮದುವೆ, ಮಕ್ಕಳು ಮತ್ತು ಗುಟ್ಟು

ಹೆಣ್ಣುಮಗಳಿಗೆ ತಲೆಯ ಕಾಯಿಲೆ ಎಂದರೆ ಸಂಬಂಧ ತಪ್ಪೀತು ಎಂದು ಹೆದರಿ ತಂದೆತಾಯಿ ಮುಚ್ಚಿಡುವುದುಂಟು. ಪರಿಣಾಮ, ಮದುವೆಯ ನಂತರ ಮಾತ್ರೆ ಕದ್ದು ನುಂಗಬೇಕಾಗುತ್ತದೆ, ತಪಾಸಣೆ ತಪ್ಪುತ್ತದೆ, ಕಣ್ಣು ಹೋಗುತ್ತದೆ. ತಿಳಿದಿರಲಿ: ಇದು ಹುಚ್ಚಲ್ಲ, ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ. ಈ ಕಾಯಿಲೆಯಿದ್ದವರು ಗರ್ಭಿಣಿಯಾಗಬಹುದು. ಬರೀ ಈ ಕಾಯಿಲೆಯ ಕಾರಣಕ್ಕೆ ಸಿಸೇರಿಯನ್ ಆಗಲೇಬೇಕೆಂದಿಲ್ಲ. ಗರ್ಭಿಣಿಯಾಗಿರುವಾಗ ಔಷಧಿಯನ್ನು ವೈದ್ಯರು ಬದಲಿಸುತ್ತಾರೆ, ಕಣ್ಣನ್ನು ಹೆಚ್ಚು ಸಲ ನೋಡುತ್ತಾರೆ, ಅಷ್ಟೇ.

ಅನೇಕರಲ್ಲಿ ತಿಂಗಳುಗಳಲ್ಲಿ ಬಾವು ಇಳಿದು ಔಷಧಿ ನಿಲ್ಲಿಸುವ ಹಂತ ಬರುತ್ತದೆ. ಆದರೆ ತೂಕ ಮತ್ತೆ ಏರಿದರೆ ಕಾಯಿಲೆ ಮರಳಬಹುದು. ತಲೆನೋವು ಹೋಯಿತೆಂದು ಕಣ್ಣಿನ ತಪಾಸಣೆ ಬಿಡಬಾರದು. ನೋವು ಮತ್ತು ದೃಷ್ಟಿ ಯಾವಾಗಲೂ ಒಟ್ಟಿಗೆ ಏರಿಳಿಯುವುದಿಲ್ಲ. ನೋವಿಲ್ಲದೆಯೂ ನೋಟ ಕುಗ್ಗಬಹುದು.

ನಾವು ಮಾಡಬಹುದಾದದ್ದು

ಈ ಲೇಖನ ವೈದ್ಯರ ಸಲಹೆಗೆ ಬದಲಿಯಲ್ಲ. ಯಾವಾಗ ವೈದ್ಯರ ಬಳಿ ಓಡಬೇಕು ಎಂದು ತಿಳಿಸುವುದಷ್ಟೇ ಇದರ ಕೆಲಸ. ವಾರಗಟ್ಟಲೆ ಬಿಡದ ತಲೆನೋವಿನ ಜೊತೆ ಕಣ್ಣಿಗೆ ಕತ್ತಲೆ ಕವಿಯುವುದು, ಎರಡಾಗಿ ಕಾಣುವುದು, ಕಿವಿಯಲ್ಲಿ ನಾಡಿಯ ಸದ್ದು, ಇವುಗಳಲ್ಲಿ ಒಂದಿದ್ದರೂ ಈ ವಾರವೇ ಕಣ್ಣಿನ ನರ ನೋಡಿಸಿ. ದೃಷ್ಟಿ ತಟ್ಟನೆ ಕುಗ್ಗಿದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ಮಂಕಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊಹಲ್ಲಾದಲ್ಲಿ ಜಮಾಅತ್‌ಗಳು ಕಣ್ಣಿನ ಶಿಬಿರ ನಡೆಸುವಾಗ ಸಾಮಾನ್ಯವಾಗಿ ಹಿರಿಯರ ಪೊರೆ ಮತ್ತು ಕನ್ನಡಕದ ಕಡೆಗೇ ಗಮನ ಇರುತ್ತದೆ. ಇನ್ನು ಮುಂದೆ ತಲೆನೋವಿರುವ ಯುವತಿಯರನ್ನೂ ಕರೆಯೋಣ. ಅವರಿಗೆ ಬೇರೆ ಸಮಯ, ಮಹಿಳಾ ವೈದ್ಯರ ವ್ಯವಸ್ಥೆ ಮಾಡಿದರೆ ಬರುವವರು ಹೆಚ್ಚುತ್ತಾರೆ. ಬೆಂಗಳೂರಿಗೆ ಹೋಗಬೇಕಾದ ಬಡ ಕುಟುಂಬಕ್ಕೆ ಬಸ್ ಚಾರ್ಜು, ಜೊತೆಗೊಬ್ಬರು, ಮನೆಯಲ್ಲಿ ಉಳಿದ ಮಕ್ಕಳಿಗೆ ಎರಡು ಹೊತ್ತಿನ ಊಟ, ಇಷ್ಟು ನೆರವಾದರೆ ಒಂದು ಜೋಡಿ ಕಣ್ಣು ಉಳಿಯಬಹುದು.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ದಯಪಾಲಿಸಲಿ. ಅವರ ಮಾತನ್ನು ಸಮಯಕ್ಕೆ ಸರಿಯಾಗಿ ಕೇಳಿಸಿಕೊಳ್ಳುವ ಕಿವಿಯನ್ನು ನಮಗೆ ಕೊಡಲಿ. ಆಮೀನ್.